ಗಂಟು, ನಂಟು, ನೀರಗಂಟಿ: ಶಿಕಾರಿಪುರ–ಸೊರಬದ ಕೆರೆಯಿಂದ ಕಡಲಿನ ತನಕ

ಬರಹ ಸ್ವಲ್ಪ ಉದ್ದ ಇದೆ. ಬಿಡುವು ಮಾಡ್ಕೊಂಡು ಓದಿ, ಅನ್ನಿಸಿದ್ದನ್ನು ಹೇಳಿ.

ಶಿಕಾರಿಪುರ, ಸೊರಬ ಎರಡೂ ಕಡಲಿಲ್ಲದ ತಾಲ್ಲೂಕುಗಳು. ಕಡಲು ನೋಡಬೇಕು ಅಂದ್ರೆ ಘಟ್ಟ ಇಳೀಬೇಕು. ಹಾಗಿರುವಾಗ ಕಡಲು ಉಕ್ಕೋ ಅಪಾಯದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಡಬೇಕು ಅನ್ನೋ ಚರ್ಚೆ ನಮಗ್ಯಾಕೆ ಅಂತ ಕೇಳಬಹುದು. ಇವತ್ತು ಕಡಲ ದಂಡೆಗೆ ಅಂತ ಕಟ್ಟುತ್ತಿರೋ ವ್ಯವಸ್ಥೆ ನಾಳೆ ಕೆರೆ ಒಡೆಯೋ ಊರಿಗೂ, ಹೊಳೆ ಉಕ್ಕೋ ಊರಿಗೂ ಬರತ್ತೆ. ಅದರಲ್ಲಿ ನಮ್ಮ ಕೇರಿ ಎಲ್ಲಿರತ್ತೆ, ಇರತ್ತೋ ಇಲ್ಲವೋ ಅನ್ನೋದನ್ನು ಕೇಳೋ ಹೊತ್ತು ಅದು ಬಂದ ಮೇಲಲ್ಲ, ಈಗ. ಕೇಳೋಕೆ ಬೇಕಾದ ಚರಿತ್ರೆ ನಮ್ಮ ಎರಡು ತಾಲ್ಲೂಕುಗಳ ನೆಲದಲ್ಲೇ ಇದೆ.

ಮೊದಲು ಕಡಲಿನ ವಿಷಯ ಮುಗಿಸ್ತೀನಿ.

ಚಂಡಮಾರುತ ದಡ ಮುಟ್ಟುವಾಗ ಗಾಳಿ ಕಡಲಿನ ನೀರನ್ನು ಒತ್ತಿಕೊಂಡು ಬಂದು ನೆಲದ ಮೇಲೆ ಹೇರತ್ತೆ. ಒಂದು ಅಲೆ ಬಂದು ಹೋಗೋದಲ್ಲ ಇದು. ಕಡಲಿನ ಮಟ್ಟವೇ ಕೆಲವು ಮೀಟರ್ ಮೇಲೆದ್ದು ಊರೊಳಗೆ ನಡೆದು ಬರತ್ತೆ. ಸ್ಟಾರ್ಮ್ ಸರ್ಜ್ ಅಂತ ಕರೆಯೋದು ಇದನ್ನೇ. ಚಂಡಮಾರುತದಲ್ಲಿ ಗಾಳಿಗಿಂತ ಜಾಸ್ತಿ ಜನರನ್ನು ಕೊಲ್ಲೋದೂ ಬಹುಮಟ್ಟಿಗೆ ಇದೇ. 1977ರ ನವೆಂಬರ್ 19ರಂದು ಆಂಧ್ರದ ಕೃಷ್ಣಾ ಜಿಲ್ಲೆಯ ದಿವಿಸೀಮೆಗೆ ಹೀಗೆ ನುಗ್ಗಿದ ನೀರಿನಿಂದ ಸುಮಾರು 10 ಸಾವಿರ ಜನ ಸತ್ತರು. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಮತ್ತೆ ಹತ್ತಿರ ಹತ್ತಿರ ಅಷ್ಟೇ ಜನ. 2013ರ ಅಕ್ಟೋಬರಿನಲ್ಲಿ ಅದೇ ಒಡಿಶಾಕ್ಕೆ ಫೈಲಿನ್ ಚಂಡಮಾರುತ ಬಂದಾಗ ಸುಮಾರು 10 ಲಕ್ಷ ಜನರನ್ನು ಮೊದಲೇ ಬೇರೆ ಕಡೆ ಸಾಗಿಸಿದ್ದರು. ಸಾವು ನೂರು ದಾಟಲಿಲ್ಲ.

1999ರಲ್ಲೂ ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿತ್ತು. ಆದರೆ ಆ ಎಚ್ಚರಿಕೆಯ ಜೊತೆ ಬೇರೆ ಮಾಹಿತಿಗಳು ಕೂಡಿಕೊಂಡಿರಲಿಲ್ಲ: ಯಾವ ಊರು ತಗ್ಗಿನಲ್ಲಿದೆ, ಆ ಊರಿಗೆ ಹತ್ತಿರದ ಗಟ್ಟಿ ಕಟ್ಟಡ ಯಾವುದು, ಅಲ್ಲಿಗೆ ಹೋಗೋ ದಾರಿ ಮೊದಲೇ ಮುಳುಗತ್ತಾ, ನಡೆಯಲಾಗದವರು ಎಷ್ಟು ಜನ, ಅವರನ್ನು ಕರೆತರೋದು ಯಾರು. ಇವೆಲ್ಲ ಬೇರೆ ಬೇರೆ ಇಲಾಖೆಯ ಬೇರೆ ಬೇರೆ ಕಡತಗಳಲ್ಲಿ ಇರೋ ಸಂಗತಿಗಳು. ನೀರು ಬರೋ ರಾತ್ರಿ ಕಡತ ಹುಡುಕೋಕೆ ಆಗಲ್ಲ.

ಇದಕ್ಕೆ ಈಗ ಹೇಳ್ತಿರೋ ದಾರಿ ನಾಲೆಡ್ಜ್ ಗ್ರಾಫ್. 2012ರಲ್ಲಿ ಗೂಗಲ್ ತನ್ನ ಹುಡುಕಾಟಕ್ಕೆ ಇದನ್ನು ತಂದ ಮೇಲೆ ಆ ಹೆಸರು ಎಲ್ಲ ಕಡೆ ಓಡಾಡ್ತಿದೆ. ನಾನು ಅರ್ಥ ಮಾಡ್ಕೊಂಡಿರೋ ಹಾಗೆ ಅದರಲ್ಲಿ ಎರಡೇ ವಸ್ತು: ಗಂಟು ಮತ್ತು ನಂಟು. ಊರು ಒಂದು ಗಂಟು, ಹೊಳೆ ಒಂದು ಗಂಟು, ಶಾಲೆ ಒಂದು ಗಂಟು, ಆಂಬುಲೆನ್ಸ್ ಒಂದು ಗಂಟು. ಒಂದು ಗಂಟಿನಿಂದ ಇನ್ನೊಂದಕ್ಕೆ ಇರೋ ಸಂಬಂಧ ನಂಟು. "ದಂಡಾವತಿ ವರದೆಗೆ ಸೇರತ್ತೆ" ಅನ್ನೋದು ಒಂದು ನಂಟು. "ಸೊರಬ ದಂಡಾವತಿಯ ದಡದಲ್ಲಿದೆ" ಇನ್ನೊಂದು. ಹೀಗೆ ಸಾವಿರಾರು ನಂಟುಗಳನ್ನು ಬರೆದಿಟ್ಟರೆ, "ವರದೆಯಲ್ಲಿ ನೀರು ಇಷ್ಟು ಏರಿದರೆ ಯಾವ ಊರಿನ ಯಾವ ಮನೆಗೆ ಮೊದಲು ಹೇಳಬೇಕು" ಅಂತ ಕೇಳಿದಾಗ ಕಂಪ್ಯೂಟರ್ ಒಂದೊಂದೇ ನಂಟು ಹಿಡ್ಕೊಂಡು ಹೋಗಿ ಉತ್ತರ ಕೊಡತ್ತೆ.

ಕೇಳೋಕೆ ಹೊಸದು. ಮಾಡೋ ಕೆಲಸ ಬಹಳ ಹಳೇದು. ನಮ್ಮ ಊರುಗಳಲ್ಲಿ ಈ ಗಂಟು–ನಂಟುಗಳನ್ನು ತಲೆಯಲ್ಲಿ ಇಟ್ಕೊಂಡು, ಕಾಲಲ್ಲಿ ಓಡಿಸಿದವರು ಯಾರು ಅನ್ನೋದೇ ಈ ಬರಹದ ವಿಷಯ.

*

ನಮ್ಮ ನೆಲ ಹೇಗಿದೆ ನೋಡಿ. ಹೊಸನಗರ ತಾಲ್ಲೂಕಿನ ಹುಂಚದ ಹತ್ತಿರ ಬಿಲ್ಲೇಶ್ವರದಲ್ಲಿ ಹುಟ್ಟೋ ಕುಮುದ್ವತಿ ಶಿಕಾರಿಪುರ ತಾಲ್ಲೂಕನ್ನು ಹಾದು, ಅಂಜನಾಪುರ ಜಲಾಶಯ ತುಂಬಿಸಿ, ಹಾವೇರಿ ಜಿಲ್ಲೆಗೆ ಇಳಿದು ತುಂಗಭದ್ರೆ ಸೇರತ್ತೆ. ಸಾಗರದ ಇಕ್ಕೇರಿ ಹತ್ತಿರ ವರದಾಮೂಲದಲ್ಲಿ ಹುಟ್ಟೋ ವರದೆ ಸೊರಬದ ಸೆರಗು ಹಿಡಿದು, ಚಂದ್ರಗುತ್ತಿಯ ಕಡೆಯಿಂದ ಬನವಾಸಿಗೆ ಹೋಗಿ, ಹಾನಗಲ್, ಹಾವೇರಿ ದಾಟಿ, ಗಳಗನಾಥದಲ್ಲಿ ತುಂಗಭದ್ರೆ ಸೇರತ್ತೆ. ಈ ಹೊಳೆಗಳ ನಡುವೆ ಕೆರೆಗಳು. ಊರಿಗೆ ಒಂದಲ್ಲ, ಎಷ್ಟೋ ಊರಿಗೆ ಮೂರು ನಾಲ್ಕು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅದರ ಕೋಡಿ ಅದರ ಕೆಳಗಿನ ಕೆರೆಗೆ, ಕೊನೆಗೆ ಹಳ್ಳಕ್ಕೆ, ಹೊಳೆಗೆ. ಸರಪಳಿ ಇದ್ದ ಹಾಗೆ.

ಹಾಗಾಗಿ ಮೇಲಿನ ಒಂದು ಏರಿ ಒಡೆದರೆ ಅಪಾಯ ಆ ಊರಿಗೆ ಮಾತ್ರ ನಿಲ್ಲಲ್ಲ. ಒಮ್ಮೆಗೇ ನುಗ್ಗಿದ ನೀರನ್ನು ಕೆಳಗಿನ ಕೆರೆಯ ಕೋಡಿ ಹೊರಹಾಕೋಕೆ ಆಗದೆ ಅದರ ಏರಿಯೂ ಹೋಗಬಹುದು. ತಾಲ್ಲೂಕು ಕಚೇರಿಯಲ್ಲಿ ಕೆರೆಗಳ ಪಟ್ಟಿ ಇರತ್ತೆ: ಕ್ರಮ ಸಂಖ್ಯೆ, ಸರ್ವೆ ನಂಬರ್, ವಿಸ್ತೀರ್ಣ, ಅಚ್ಚುಕಟ್ಟು. ಪಟ್ಟಿಯಲ್ಲಿ ಕೆರೆಗಳು ಒಂದರ ಕೆಳಗೊಂದು ಸುಮ್ಮನೆ ಕೂತಿರತ್ತವೆ. ಯಾವ ಕೆರೆಯ ನೀರು ಯಾವ ಕೆರೆಗೆ ಹೋಗತ್ತೆ ಅನ್ನೋ ನಂಟು ಪಟ್ಟಿಗೆ ಗೊತ್ತಿಲ್ಲ. ತಾಲ್ಲೂಕಿನ ಗಡಿಗೆ ಪಟ್ಟಿ ಮುಗಿಯತ್ತೆ, ನೀರು ಮುಗಿಯಲ್ಲ. ಕುಮುದ್ವತಿ ಶಿಕಾರಿಪುರ ದಾಟಿದ ಮೇಲೆ ಸಿಗೋ ಮಾಸೂರಿನ ಮದಗದ ಕೆರೆಯನ್ನೇ ತಗೊಳ್ಳಿ. ವಿಜಯನಗರದ ಕಾಲದ್ದು ಅಂತ ಹೇಳೋ ಆ ಭಾರಿ ಕೆರೆ ಒಡೆದುಹೋಗಿ, ಈಗ ಇರೋದು ಅದರ ತುಣುಕು. 1956ರ ತನಕ ಅದರ ಮೇಲಿನ ನೆಲ ಮೈಸೂರಿನದು, ಕೆಳಗಿನದು ಮುಂಬೈ ಪ್ರಾಂತ್ಯದ್ದು. ನೀರು ಒಂದೇ, ಲೆಕ್ಕದ ಪುಸ್ತಕ ಎರಡು. ಇವತ್ತೂ ವರದೆಯ ಒಂದು ನೆರೆ ಶಿವಮೊಗ್ಗ, ಉತ್ತರ ಕನ್ನಡ, ಹಾವೇರಿ ಅಂತ ಮೂರು ಜಿಲ್ಲೆಗಳ ವರದಿಯಲ್ಲಿ ಮೂರು ತುಂಡಾಗತ್ತೆ.

ಗಂಟು–ನಂಟಿನ ವಿಧಾನ ಇಂಥ ಕಡೆ ನಿಜವಾಗಿಯೂ ಉಪಯೋಗಕ್ಕೆ ಬರತ್ತೆ. ತಂತ್ರಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರೋದು ಯಾವ ನಂಟು ಬರೀತಾರೆ, ಯಾವುದನ್ನು ಬಿಡ್ತಾರೆ ಅನ್ನೋದರಲ್ಲಿ.

*

ಬಿಡೋ ಚಾಳಿ ಹಳೇದು. ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಮುಂದೆ ಕದಂಬರ ಸ್ತಂಭ ಶಾಸನ ನಿಂತಿದೆ. 5ನೇ ಶತಮಾನದ್ದು. ಮಯೂರಶರ್ಮ ಕಂಚಿಗೆ ಓದೋಕೆ ಹೋಗಿ, ಅಲ್ಲಿ ಅವಮಾನ ಆಗಿ, ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ ಕಥೆಗೆ ಆ ಶಾಸನ ಪ್ರಸಿದ್ಧ. ಆ ಕಥೆ ನಮ್ಮ ಶಾಲಾ ಪುಸ್ತಕದಲ್ಲೂ ಬರತ್ತೆ. ಆದರೆ ಆ ಕಂಬ ನಿಲ್ಲಿಸೋಕೆ ಕಾರಣ ಒಂದು ಕೆರೆ. ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ ಅನ್ನೋದನ್ನು ದಾಖಲಿಸೋಕೆ ಅವನ ಮಗ ಶಾಂತಿವರ್ಮನ ಕಾಲದಲ್ಲಿ ಬರೆಸಿದ ಶಾಸನ ಅದು. ಕಟ್ಟಿಸಿದ ರಾಜನ ಹೆಸರಿದೆ, ಅವನ ವಂಶ ಇದೆ, ಸಂಸ್ಕೃತ ಪದ್ಯ ಬರೆದ ಕವಿ ಕುಬ್ಜನ ಹೆಸರಿದೆ. ಮಣ್ಣು ಹೊತ್ತವರ, ಏರಿ ತುಳಿದು ಗಟ್ಟಿ ಮಾಡಿದವರ ಹೆಸರಿಲ್ಲ.

ಆಮೇಲಿನ ಶತಮಾನಗಳಲ್ಲಿ ಬಳ್ಳಿಗಾವಿ ಬನವಾಸಿ 12000ದ ರಾಜಧಾನಿಯಾಗಿ ಮೆರೆದಾಗ, ನಾಗರಖಂಡ, ಜಿಡ್ಡುಳಿಗೆ ನಾಡುಗಳ ಊರೂರಲ್ಲಿ ಶಾಸನ ಎದ್ದವು. ಬಿ.ಎಲ್. ರೈಸ್ ಇವನ್ನೆಲ್ಲ ಹುಡುಕಿಸಿ ಎಪಿಗ್ರಾಫಿಯಾ ಕರ್ನಾಟಿಕದ 7ನೇ ಸಂಪುಟದಲ್ಲಿ ಶಿಕಾರಿಪುರದವನ್ನು, 8ನೇ ಸಂಪುಟದಲ್ಲಿ ಸೊರಬದವನ್ನು ಅಚ್ಚು ಹಾಕಿಸಿದರು. 1902 ಮತ್ತು 1904ರಲ್ಲಿ. ಒಂದೊಂದು ಕಲ್ಲಿಗೂ ತಾಲ್ಲೂಕಿನ ಹೆಸರಲ್ಲಿ ಒಂದು ನಂಬರ್ ಕೊಟ್ಟರು. ತಾಳಗುಂದದ ಕಂಬ ಶಿಕಾರಿಪುರ 176. ಇವತ್ತಿಗೂ ವಿದ್ವಾಂಸರು ಅದೇ ನಂಬರಿನಿಂದ ಆ ಕಲ್ಲನ್ನು ಗುರುತಿಸ್ತಾರೆ. ಕಂಪ್ಯೂಟರಿನವರು ಹೇಳೋ ಗಂಟಿಗೊಂದು ಗುರುತು ಕೊಡೋ ಕೆಲಸ ಇದೇ ತಾನೇ?

ಈ ಶಾಸನಗಳು ಜಮೀನು ಹೇಳೋ ರೀತಿ ಗಮನಿಸಿ. ಇಂಥ ಕೆರೆಯ ಕೆಳಗೆ ಇಷ್ಟು ಮತ್ತರು ಗದ್ದೆ, ಇಂಥ ತೂಬಿನ ನೀರಿಗೆ ಸೇರಿದ್ದು, ಮೂಡಲಿಗೆ ಈ ಕಲ್ಲು, ಪಡುವಲಿಗೆ ಆ ಹಳ್ಳ. ಪೂರಾ ನಂಟುಗಳ ಬರಹ. ಕೆರೆ ಕಟ್ಟಿದ್ದಕ್ಕೆ, ಕೆರೆ ನೋಡ್ಕೊಳ್ಳೋದಕ್ಕೆ ಬಿಡೋ ಭೂಮಿಗೆ ಬಿತ್ತುವಟ್ಟ, ಕಟ್ಟುಗೊಡಗೆ ಅಂತ ಹೆಸರು. ಹೂಳು ತೆಗೆಯೋ ಬಂಡಿ ನಡೆಸೋಕೆ ಅಂತಲೇ ದಾನ ಬಿಟ್ಟ ಶಾಸನಗಳು ಕರ್ನಾಟಕದಲ್ಲಿ ಇವೆ. ಕೆರೆ ಕಟ್ಟಿ ಬಿಟ್ಟರೆ ಆಗಲ್ಲ, ಪ್ರತಿ ವರ್ಷ ಕಾಯಬೇಕು ಅನ್ನೋದು ಆ ಕಾಲಕ್ಕೇ ಗೊತ್ತಿತ್ತು. ಫಲ ಯಾರಿಗೆ ಸಲ್ಲಬೇಕು ಅನ್ನೋ ನಂಟನ್ನು ಕಲ್ಲಿನಲ್ಲಿ ಕೆತ್ತಿದರು. ಒಡೆದರೆ ಯಾರ ಗುಡಿಸಲಿಗೆ ನೀರು ಅನ್ನೋ ನಂಟನ್ನು ಕೆತ್ತಲಿಲ್ಲ.

ಕೆರೆಗೆ ಬಲಿ ಕೊಟ್ಟ ಕಥೆಗಳು ನಮ್ಮ ಜನಪದದಲ್ಲಿ ಬೇಕಾದಷ್ಟಿವೆ. "ಕೆರೆಗೆ ಹಾರ"ದಲ್ಲಿ ನೀರು ಬರಲಿ ಅಂತ ಮನೆಯ ಸೊಸೆ ಭಾಗೀರಥಿಯನ್ನೇ ಕೊಡ್ತಾರೆ. ಅದನ್ನು ತ್ಯಾಗ ಅಂತ ಪಾಠ ಮಾಡಿದ್ದಾರೆ. ನಾನು ಓದೋದು ಬೇರೆ ಥರ: ಊರಿಗೆ ನೀರು ಬೇಕಾದಾಗ ಅಪಾಯ ಹೊರಬೇಕಾದವರು ಯಾರು ಅಂತ ಊರು ಮೊದಲೇ ತೀರ್ಮಾನ ಮಾಡಿರತ್ತೆ. ಕೇಳೋದು ಅವರನ್ನಲ್ಲ.

*

ಈಗ ಕಾಯೋರ ವಿಷಯ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹನ್ನೆರಡು ಆಯಗಾರರು ಅಂತ ಇದ್ದರು. ರೈಸ್ 1897ರ ಮೈಸೂರು ಗೆಜೆಟಿಯರಿನಲ್ಲಿ ಅವರನ್ನು ಪಟ್ಟಿ ಮಾಡಿದ್ದಾರೆ. ಗೌಡ, ಶಾನುಭೋಗರಿಂದ ಹಿಡಿದು ಕಮ್ಮಾರ, ಬಡಗಿ, ಅಗಸರ ತನಕ ಇರೋ ಆ ಪಟ್ಟಿಯಲ್ಲಿ ತಳವಾರ, ತೋಟಿ, ನೀರಗಂಟಿ ಅಂತ ಮೂವರು ಬರ್ತಾರೆ. ತೋಟಿ, ನೀರಗಂಟಿ ಕೆಲಸ ಬಹಳ ಕಡೆ ನಮ್ಮವರದು: ಹೊಲೆಯರದು, ಮಾದಿಗರದು. ಊರಿಂದ ಊರಿಗೆ ಹೆಸರು ಬೇರೆ ಇರಬಹುದು, ಕೆಲಸ ಒಂದೇ.

ನೀರಗಂಟಿಗೆ ಏನೇನು ಗೊತ್ತಿರಬೇಕಿತ್ತು ಅಂತ ಲೆಕ್ಕ ಹಾಕಿ. ತೂಬು ಎಷ್ಟು ಎತ್ತಿದರೆ ಯಾವ ಗದ್ದೆಗೆ ಎಷ್ಟು ಹೊತ್ತಿಗೆ ನೀರು ಮುಟ್ಟತ್ತೆ. ಮೇಲಿನ ಊರಲ್ಲಿ ಮಳೆ ಆದರೆ ನಮ್ಮ ಕೆರೆಗೆ ಯಾವಾಗ ಬರತ್ತೆ. ಏರಿಯ ಯಾವ ಜಾಗ ಮೆತ್ತಗಿದೆ, ಎಲ್ಲಿ ಏಡಿ ಬಿಲ ಇದೆ, ಎಲ್ಲಿ ಮರದ ಬೇರು ಏರಿಯೊಳಗೆ ಹೋಗಿದೆ. ಏರಿಯ ಹಿಂದೆ ಜಿನುಗೋ ನೀರು ತಿಳಿ ಇದ್ದರೆ ಅಷ್ಟು ಭಯ ಇಲ್ಲ. ಅದೇ ಜಿನುಗು ಕೆಂಪಗೆ, ಮಣ್ಣು ಬೆರೆತು ಬರೋಕೆ ಶುರುವಾದರೆ ಏರಿಯ ಹೊಟ್ಟೆಯೊಳಗೆ ಮಣ್ಣು ಕೊಚ್ಚಿ ಹೋಗ್ತಿದೆ ಅಂತ ಅರ್ಥ, ಉಳಿದಿರೋದು ಸ್ವಲ್ಪವೇ ಹೊತ್ತು. ಇವತ್ತಿನ ಅಣೆಕಟ್ಟು ಎಂಜಿನಿಯರ್‌ಗಳೂ ಏರಿ ತಪಾಸಣೆಗೆ ಹೋದಾಗ ಇದನ್ನೇ ನೋಡ್ತಾರೆ. ನೀರಗಂಟಿ ಇದನ್ನು ಮಧ್ಯರಾತ್ರಿ, ಮಳೆಯಲ್ಲಿ, ಕಂಬಳಿ ಹೊದ್ದುಕೊಂಡು ನೋಡ್ತಿದ್ದ.

ಗೊತ್ತಾದ ಮೇಲೆ ಹೇಳೋದು ಹೇಗೆ? ತೋಟಿ ಡಂಗುರ ಸಾರ್ತಿದ್ದ. ತಮಟೆ ಯಾವ ಬಡಿತದಲ್ಲಿ ಬಂದರೆ ಏನು ಸುದ್ದಿ ಅಂತ ಊರಿಗೆ ಗೊತ್ತಿತ್ತು. ಪಕ್ಕದ ಊರಿಗೆ ಸಾವಿನ ಸುದ್ದಿ ಒಯ್ಯೋನೂ ಅವನೇ, ಹೊಳೆ ಏರಿದ ಸುದ್ದಿ ಒಯ್ಯೋನೂ ಅವನೇ. ಯಾರ ಮನೆ ಎಲ್ಲಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಕಣ್ಣು ಕಾಣಲ್ಲ, ಯಾವ ದಾರಿ ಮೊದಲು ಮುಳುಗತ್ತೆ, ಎಲ್ಲ ಅವನ ತಲೆಯಲ್ಲಿ. ವಿಜ್ಞಾನಿಗಳು ಕಟ್ಟಬೇಕು ಅಂತಿರೋ ಜಾಲ ಪೂರ್ತಿ ಇತ್ತು. ಅದು ಕೂಲಿ ಇಲ್ಲದ ಬಿಟ್ಟಿ ಚಾಕರಿಯ ಮೇಲೆ ನಿಂತಿತ್ತು. ಸುದ್ದಿ ಮುಟ್ಟಿಸೋನು ಅಂಗಳದ ಆಚೆ ನಿಂತು ಕೂಗಬೇಕಿತ್ತು. ಊರೆಲ್ಲ ಎಬ್ಬಿಸಿ ಅವನು ತನ್ನ ಕೇರಿಗೆ ವಾಪಸ್ ಬರೋ ಹೊತ್ತಿಗೆ ನೀರು ಅವನಿಗಿಂತ ಮೊದಲು ಅಲ್ಲಿಗೆ ಬಂದಿರತ್ತೆ, ಯಾಕಂದ್ರೆ ಕೇರಿ ಇರೋದು ಊರಿನ ತಗ್ಗಿನಲ್ಲಿ.

ಅದಕ್ಕೇ ಹೇಳ್ತೀನಿ, ಗೆಳೆಯರೇ, "ನಮ್ಮ ಪೂರ್ವಜರ ಜಲಜ್ಞಾನ" ಅಂತ ಹಾಡಿ ಹೊಗಳೋರ ಜೊತೆ ನಾವು ದನಿ ಸೇರಿಸೋದು ಬೇಡ. ಆ ಜ್ಞಾನ ನಿಜ, ಅದರಲ್ಲಿ ನಮ್ಮವರ ಬುದ್ಧಿ ಇತ್ತು ಅನ್ನೋದೂ ನಿಜ. ಅದನ್ನು ಅವರಿಂದ ಕಸಿದ ರೀತಿಯೂ ಅಷ್ಟೇ ನಿಜ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಈ ಹುದ್ದೆಗಳು ಹೋದವು. ಹೋಗಲೇಬೇಕಿತ್ತು. ಅಪ್ಪ ತೋಟಿ ಅಂತ ಮಗನೂ ತೋಟಿ ಆಗೋ ಕಟ್ಟು ಕಾನೂನಿನ ಮಟ್ಟಿಗಾದರೂ ಮುರೀತು, ಇನಾಮು ಜಮೀನು ಮರುಮಂಜೂರಿಗೆ ದಾರಿ ಆಯ್ತು. ಆ ಜಮೀನು ಉಳಿಸ್ಕೊಳ್ಳೋಕೆ ಆಮೇಲೆ 1978ರ ಪಿಟಿಸಿಎಲ್ ಕಾಯ್ದೆಯ ತನಕ, ಇವತ್ತಿನ ತನಕ ಹೋರಾಡ್ತಿದ್ದೀವಿ.

ಆದರೆ ಹುದ್ದೆ ರದ್ದು ಮಾಡಿದ ಸರ್ಕಾರ ಆ ತಲೆಗಳಲ್ಲಿದ್ದ ಮಾಹಿತಿಯನ್ನು ಬರೆದಿಟ್ಟುಕೊಳ್ಳಲಿಲ್ಲ. ಶಾನುಭೋಗರ ಲೆಕ್ಕದ ಪುಸ್ತಕಗಳು ಕಂದಾಯ ಇಲಾಖೆಯ ದಾಖಲೆಯಾದವು. ನೀರಗಂಟಿಯ ನೆನಪು ಯಾವ ಇಲಾಖೆಯ ದಾಖಲೆಯೂ ಆಗಲಿಲ್ಲ. ಬರೆದದ್ದು ಜ್ಞಾನ, ನಡೆದು ತಿಳಿದದ್ದು ಚಾಕರಿ ಅಂತ ಎಣಿಸಿದರು. ಇವತ್ತಿನ ಗ್ರಾಮ ಸಹಾಯಕರಲ್ಲಿ ಬಹಳ ಜನ ಅದೇ ಮನೆತನದವರು. ನೆರೆ ಬಂದಾಗ ಮೊದಲು ಓಡೋರು ಅವರೇ, ಕೊಡೋದು ಗೌರವಧನ.

*

ನೀರು ಮತ್ತು ಜಾತಿ ಅಂದ ಕೂಡಲೇ ನಮಗೆ 1927ರ ಮಾರ್ಚ್ 20ರ ಮಹಾಡ್ ನೆನಪಾಗತ್ತೆ, ಚವದಾರ್ ಕೆರೆ ನೆನಪಾಗತ್ತೆ. ಸರಿ. ಆದರೆ ಬಾಬಾಸಾಹೇಬರು ನೆರೆಯ ಬಗ್ಗೆ ಮಾಡಿದ ಕೆಲಸ ನಮ್ಮಲ್ಲೇ ಕಡಿಮೆ ಜನಕ್ಕೆ ಗೊತ್ತು. 1942ರಿಂದ 1946ರ ತನಕ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರು. ನೀರಾವರಿ, ವಿದ್ಯುತ್ ಅವರ ಇಲಾಖೆಗೆ ಸೇರಿತ್ತು. 1943ರಲ್ಲಿ ದಾಮೋದರ್ ನದಿ ಉಕ್ಕಿ ಬಂಗಾಳ ತತ್ತರಿಸಿತು. 1945ರ ಜನವರಿಯಲ್ಲಿ ಕಲ್ಕತ್ತದಲ್ಲಿ ದಾಮೋದರ್ ಕಣಿವೆಯ ಸಭೆ, ಅದೇ ವರ್ಷ ನವೆಂಬರ್ 8ರಂದು ಕಟಕ್‌ನಲ್ಲಿ ಒಡಿಶಾದ ನದಿಗಳ ಬಗ್ಗೆ ಸಭೆ. ಎರಡನ್ನೂ ನಡೆಸಿದವರು ಅಂಬೇಡ್ಕರ್. ಅವರ ವಾದ ಸರಳ: ನದಿಯನ್ನು ಪ್ರಾಂತ್ಯದ ಗಡಿಗೆ ತುಂಡು ಮಾಡಿ ನೋಡಬೇಡಿ. ಇಡೀ ಕಣಿವೆಯನ್ನು ಒಂದಾಗಿ ನೋಡಿ. ನೆರೆ, ಬರ, ನೀರಾವರಿ, ವಿದ್ಯುತ್, ಕಣಿವೆಯ ಜನರ ಬದುಕು ಎಲ್ಲ ಒಂದಕ್ಕೊಂದು ಕೂಡಿಕೊಂಡಿವೆ.

ಅದೇ ವರ್ಷ ಹುಟ್ಟಿದ ಕೇಂದ್ರ ಜಲಮಾರ್ಗ, ನೀರಾವರಿ ಮತ್ತು ನೌಕಾಯಾನ ಆಯೋಗ ಬೆಳೆದು ಇವತ್ತಿನ ಕೇಂದ್ರ ಜಲ ಆಯೋಗ ಆಗಿದೆ. ದೇಶದ ನದಿಗಳ ನೆರೆ ಮುನ್ಸೂಚನೆ ಕೊಡೋದು ಅದೇ ಆಯೋಗ, 1958ರಿಂದ. ಕಟಕ್‌ನ ಸಭೆ ಆದದ್ದು ಒಡಿಶಾದಲ್ಲಿ, 1999ರಲ್ಲಿ ಕಡಲು ನುಗ್ಗಿದ ಅದೇ ಒಡಿಶಾದಲ್ಲಿ. ಬೇರೆ ಬೇರೆ ಕಡತಗಳನ್ನು ಒಂದಾಗಿ ಓದಿ ಅಂತ ಬಾಬಾಸಾಹೇಬರು ಹೇಳಿದ್ದನ್ನೇ ಕಂಪ್ಯೂಟರಿನವರು ಈಗ ಗಂಟು–ನಂಟಿನ ಭಾಷೆಯಲ್ಲಿ ಹೇಳ್ತಿದ್ದಾರೆ. ಆದ್ದರಿಂದ ಈ ವಿಷಯ ನಮಗೆ ಹೊರಗಿನದಲ್ಲ.

*

ಈಗ ನಮ್ಮ ರಾಜ್ಯಕ್ಕೆ ಬನ್ನಿ. 1988ರಲ್ಲಿ ಬರ ನಿಗಾ ಘಟಕ ಅಂತ ಶುರುವಾದದ್ದು ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯದಲ್ಲಿ 6000ಕ್ಕೂ ಹೆಚ್ಚು ಮಳೆ ಮಾಪನ ಯಂತ್ರ ಹಾಕಿದ್ದಾರೆ. ಯಾವ ಪಂಚಾಯಿತಿಯಲ್ಲಿ ಎಷ್ಟು ಮಿಲಿಮೀಟರ್ ಅನ್ನೋದು ನಿಮಿಷಗಳಲ್ಲಿ ಬೆಂಗಳೂರಿಗೆ ಗೊತ್ತಾಗತ್ತೆ. ಬೇರೆ ರಾಜ್ಯಗಳು ಬಂದು ನೋಡಿ ಹೋಗೋ ಕೆಲಸ ಇದು, ಮೆಚ್ಚಬೇಕು.

2019ರ ಆಗಸ್ಟಿನಲ್ಲಿ 22 ಜಿಲ್ಲೆಗಳಿಗೆ ನೆರೆ ಬಂತು. ನಮ್ಮ ಭಾಗವೂ ಮುಳುಗಿತು. ಆಗ ಮುಖ್ಯಮಂತ್ರಿ ಶಿಕಾರಿಪುರದವರೇ, ಯಡಿಯೂರಪ್ಪ. ಮಂತ್ರಿಮಂಡಲ ಇನ್ನೂ ಆಗಿರಲಿಲ್ಲ, ಸರ್ಕಾರ ಅಂದ್ರೆ ಅವರೊಬ್ಬರೇ. ಅದಕ್ಕೂ ಮೊದಲು ಸೊರಬದಿಂದ ಬಂಗಾರಪ್ಪ ಮುಖ್ಯಮಂತ್ರಿ ಆಗಿದ್ದರು. ಅಕ್ಕಪಕ್ಕದ ಎರಡು ತಾಲ್ಲೂಕಿಗೆ ಇಬ್ಬರು ಮುಖ್ಯಮಂತ್ರಿಗಳು. ಅಧಿಕಾರ ಹತ್ತಿರ ಇದ್ದರೆ ಸಾಕು, ಮಾಹಿತಿ ತಾನಾಗಿ ಕೇರಿಯ ತನಕ ಬರತ್ತೆ ಅನ್ನೋದು ಸುಳ್ಳು. ಮಳೆ ಎಷ್ಟು ಅಂತ ಅಳೆಯೋ ಯಂತ್ರ ಪಂಚಾಯಿತಿ ಮಟ್ಟಕ್ಕೆ ಬಂದಿದೆ. ಪಂಚಾಯಿತಿಯೊಳಗೆ ಯಾರ ಗೋಡೆ ಮೊದಲು ಬೀಳತ್ತೆ ಅನ್ನೋದನ್ನು ಅದು ಅಳೆಯಲ್ಲ.

ಬಿದ್ದ ಮನೆಗಳನ್ನು ಎ, ಬಿ, ಸಿ ಅಂತ ವಿಂಗಡಿಸಿ ಪರಿಹಾರ ಕೊಟ್ಟರು. ಪೂರ್ತಿ ಬಿದ್ದ ಮನೆಗೆ 5 ಲಕ್ಷ. ಆದರೆ ಯಂತ್ರಕ್ಕೆ ಮನೆ ಅಂದ್ರೆ ಖಾತೆ ಇರೋ ಮನೆ. ಕೆರೆ ಅಂಗಳದ ಅಂಚಿನಲ್ಲಿ, ಗೋಮಾಳದಲ್ಲಿ, ಹಳ್ಳದ ಪಕ್ಕ ಹಕ್ಕುಪತ್ರ ಇಲ್ಲದೆ ಎರಡು ತಲೆಮಾರು ಬಾಳಿದ ಗುಡಿಸಲು ಅಲ್ಲಿ ಗಂಟೇ ಅಲ್ಲ. ಗಂಟಿಲ್ಲದ ಮೇಲೆ ನಂಟೆಲ್ಲಿ? ಶಿಕಾರಿಪುರದ ಸುತ್ತ ಲಂಬಾಣಿ ತಾಂಡಾಗಳು ಎಷ್ಟಿವೆ ಅಂತ ನಿಮಗೆ ಗೊತ್ತು. ರಾಜ್ಯದ ಎಷ್ಟೋ ತಾಂಡಾ, ಹಟ್ಟಿ, ಹಾಡಿಗಳು ಕಂದಾಯ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಅವುಗಳಲ್ಲಿ ಬಾಳೋರಿಗೆ ಮನೆಯ ಜಾಗದ ಹಕ್ಕು ಕೊಡೋಕೆ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬರಬೇಕಾದ್ರೆ 2016 ದಾಟಬೇಕಾಯ್ತು. ನೆರೆ ಅಷ್ಟು ವರ್ಷ ಕಾಯಲ್ಲ.

ಕಡಲ ದಂಡೆಯಲ್ಲೂ ಇದೇ ಆಯ್ತು. 2004ರ ಡಿಸೆಂಬರ್ 26ರ ಸುನಾಮಿ ಆದ ಮೇಲೆ ತಮಿಳುನಾಡಿನ ನಾಗಪಟ್ಟಿಣಂ ಕಡೆ ದಲಿತರನ್ನು ಪರಿಹಾರ ಶಿಬಿರಗಳಿಂದ ದೂರ ಇಟ್ಟದ್ದನ್ನು ಮಾನವ ಹಕ್ಕು ಸಂಘಟನೆಗಳು ದಾಖಲು ಮಾಡಿದವು. ಆದರೆ ಹೆಣ ತೆಗೆಯೋಕೆ ಬೇರೆ ಊರುಗಳಿಂದ ಪೌರಕಾರ್ಮಿಕರನ್ನು ಕರೆಸಿದರು. ಅವರು ಯಾರು ಅಂತ ಹೇಳಬೇಕಾ? 2019ರ ಮೇ ತಿಂಗಳಲ್ಲಿ ಫೋನಿ ಚಂಡಮಾರುತ ಒಡಿಶಾಕ್ಕೆ ಬಂದಾಗ ಸ್ಥಳಾಂತರದ ಕೆಲಸವನ್ನು ಪ್ರಪಂಚವೇ ಹೊಗಳಿತು. ಅದೇ ಹೊತ್ತಿಗೆ ಪುರಿ ಜಿಲ್ಲೆಯಲ್ಲಿ ಆಶ್ರಯ ಕಟ್ಟಡದೊಳಗೆ ದಲಿತ ಕುಟುಂಬಗಳನ್ನು ಬಿಟ್ಟುಕೊಳ್ಳಲಿಲ್ಲ ಅನ್ನೋ ಸುದ್ದಿಯೂ ಬಂತು.

ಇದನ್ನು ಗಂಟು–ನಂಟಿನ ಭಾಷೆಯಲ್ಲಿ ಹೇಳಿ ನೋಡಿ. ಯಂತ್ರಕ್ಕೆ ಗೊತ್ತಿರೋ ನಂಟು: "ಈ ಕೇರಿಗೆ ಹತ್ತಿರದ ಆಶ್ರಯ ಈ ಕಟ್ಟಡ, ದೂರ 400 ಮೀಟರ್." ಊರಿಗೆ ಗೊತ್ತಿರೋ ನಂಟು: "ಈ ಕೇರಿಯವರನ್ನು ಆ ಕಟ್ಟಡದೊಳಗೆ ಸೇರಿಸಲ್ಲ." ಮೊದಲನೆಯದನ್ನು ಮಾತ್ರ ಬರೆದರೆ ಯಂತ್ರ ಆ ರಾತ್ರಿ ನಮ್ಮವರನ್ನು ಮುಚ್ಚಿದ ಬಾಗಿಲಿಗೆ ಕಳಿಸತ್ತೆ. ಲೆಕ್ಕದಲ್ಲಿ ಮಾತ್ರ ಎಲ್ಲರೂ ಸುರಕ್ಷಿತ.

*

ನಮ್ಮ ಚಳವಳಿಯವರಿಗೆ ವರದೆ ಅಂದ್ರೆ ನೆರೆಗಿಂತ ಮೊದಲು ಚಂದ್ರಗುತ್ತಿ ನೆನಪಾಗತ್ತೆ. ವರದೆಯಲ್ಲಿ ಮುಳುಗಿ, ಬೆತ್ತಲೆಯಾಗಿ ರೇಣುಕಾಂಬೆಯ ಬೆಟ್ಟ ಹತ್ತೋ ಸೇವೆಗೆ ತಳಸಮುದಾಯದ ಹೆಣ್ಣುಮಕ್ಕಳನ್ನು ದೂಡ್ತಿದ್ದರು. 1986ರ ಮಾರ್ಚಿನಲ್ಲಿ ಅದನ್ನು ತಡೆಯೋಕೆ ಹೋದ ದಸಂಸ ಮತ್ತಿತರ ಸಂಘಟನೆಗಳ ಕಾರ್ಯಕರ್ತರನ್ನೂ, ಪೊಲೀಸರನ್ನೂ, ಹೆಂಗಸರು ಅಂತಲೂ ನೋಡದೆ ಹೊಡೆದು, ಬಟ್ಟೆ ಕಿತ್ತು ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು. ಒಂದೇ ಹೊಳೆಯ ದಡ, ಎರಡು ಥರದ ಅಪಾಯ. ನೀರಿನ ಅಪಾಯ ಒಂದು ಕಡತದಲ್ಲಿ, ಜಾತಿಯ ಅಪಾಯ ಇನ್ನೊಂದು ಕಡತದಲ್ಲಿ.

ಎರಡು ಕಡತಕ್ಕೂ ಕಾನೂನು ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಜಿಲ್ಲೆಯ ಅಪಾಯದ ಜಾಗಗಳನ್ನು ಗುರುತಿಸಿ ಯೋಜನೆ ಮಾಡಿ ಅನ್ನತ್ತೆ. ಅದರ 61ನೇ ಸೆಕ್ಷನ್ ಪರಿಹಾರದಲ್ಲಿ ಜಾತಿ, ಲಿಂಗ, ಧರ್ಮದ ತಾರತಮ್ಯ ಮಾಡಬಾರದು ಅಂತ ನೇರವಾಗಿ ಹೇಳತ್ತೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳಲ್ಲಿ 3ನೇ ನಿಯಮ ದೌರ್ಜನ್ಯ ನಡೆಯಬಹುದಾದ ಪ್ರದೇಶಗಳನ್ನು ಮೊದಲೇ ಗುರುತಿಸಿ ಅನ್ನತ್ತೆ. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಅಧ್ಯಕ್ಷರು ಜಿಲ್ಲಾಧಿಕಾರಿ. ದೌರ್ಜನ್ಯ ತಡೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಗೂ ಅಧ್ಯಕ್ಷರು ಅದೇ ಜಿಲ್ಲಾಧಿಕಾರಿ. ಒಂದೇ ಮೇಜಿನ ಮೇಲೆ ಎರಡೂ ಪಟ್ಟಿ ಬರತ್ತೆ. ನೆರೆ ಬರೋ ಊರು ಮತ್ತು ಬಹಿಷ್ಕಾರ ಹಾಕೋ ಊರು ಒಂದೇ ಆದಾಗ ಅಲ್ಲಿಯ ಕೇರಿಗೆ ಬೇರೆ ಏರ್ಪಾಡು ಬೇಕು ಅನ್ನೋ ಒಂದು ನಂಟನ್ನು ಬರೆಯೋಕೆ ಯಾವ ದೊಡ್ಡ ಯಂತ್ರವೂ ಬೇಡ.

ಇಲ್ಲಿ ಒಂದು ಭಯ ಇದೆ, ಅದನ್ನೂ ಹೇಳಬೇಕು. ಯಾವ ಮನೆ ಯಾವ ಜಾತಿ ಅಂತ ನಕ್ಷೆಯಲ್ಲಿ ಗುರುತು ಹಾಕಿ ಇಟ್ಟರೆ ಅದು ಯಾರ ಕೈಗೆ ಸಿಗತ್ತೆ? ರಕ್ಷಣೆಗೆ ಅಂತ ಮಾಡಿದ ಪಟ್ಟಿ ಹಿಡಿದು ಬೆಂಕಿ ಹಚ್ಚೋರು ಬಂದರೆ? 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ್ ದಾಸ್ ಆಯೋಗದ ಸಮೀಕ್ಷೆಯವರು ಮೊಬೈಲ್ ಹಿಡಿದು ಮನೆ ಮನೆಗೆ ಬಂದಾಗ ನಮ್ಮವರಲ್ಲಿ ಬಹಳ ಜನ ಜಾತಿ ಹೇಳೋಕೆ ಹಿಂಜರಿದರು, ಬಾಡಿಗೆ ಮನೆ ಹೋಗತ್ತೆ ಅಂತ. ಆ ಹಿಂಜರಿಕೆ ಸುಮ್ಮನೆ ಬಂದದ್ದಲ್ಲ. ಹಾಗಾಗಿ ಮನೆ ಮನೆಯ ಜಾತಿ ಆ ಜಾಲದಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಬೇಕಾದದ್ದು ಬೇರೆ: ಯಾವ ವಸತಿ ತಗ್ಗಿನಲ್ಲಿದೆ, ಯಾವ ವಸತಿಗೆ ದಾಖಲೆ ಇಲ್ಲ, ಯಾವ ಆಶ್ರಯ ಯಾರಿಗೆ ತೆರೆದಿರಲ್ಲ, ಅದರ ಕೀಲಿ ಯಾರ ಹತ್ತಿರ ಇದೆ.

ಅಳೆಯೋನು ಯಾರು ಅನ್ನೋ ಪ್ರಶ್ನೆ ನಮ್ಮ ಸೀಮೆಗೆ ಹೊಸದಲ್ಲ. ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದದ್ದು ಗೇಣಿ ಅಳೆಯೋ ಕೊಳಗದ ವಿಷಯಕ್ಕೆ. ಒಡೆಯರ ಕೊಳಗ ದೊಡ್ಡದು. ಅಳತೆ ಅವರ ಕೈಯಲ್ಲಿ ಇರೋ ತನಕ ಲೆಕ್ಕ ಎಷ್ಟು ಸರಿ ಇದ್ದರೂ ಅನ್ಯಾಯವೇ. ಈ ಹೊಸ ಜಾಲವೂ ಒಂದು ಕೊಳಗ.

ಅದಕ್ಕೆ ನಮ್ಮ ಎರಡು ತಾಲ್ಲೂಕುಗಳಲ್ಲಿ ಶುರು ಮಾಡಬಹುದಾದ ಕೆಲವು ಕೆಲಸ ಹೇಳ್ತೀನಿ.

ಮುಂದಿನ ಮಳೆಗಾಲದೊಳಗೆ ಪ್ರತಿ ಪಂಚಾಯಿತಿಯ ಕೆರೆಗಳ ಕೋಡಿ ನೀರು ಎಲ್ಲಿಗೆ ಹೋಗತ್ತೆ, ದಾರಿಯಲ್ಲಿ ಯಾವ ಕೇರಿ, ಕಾಲೊನಿ, ತಾಂಡಾ ಸಿಗತ್ತೆ ಅಂತ ನಮ್ಮ ಹುಡುಗ ಹುಡುಗಿಯರು ನಡೆದು ಬರೆಯಲಿ. ಊರಲ್ಲಿ ನೀರಗಂಟಿ, ತೋಟಿ, ತಳವಾರಿಕೆ ಮಾಡಿದ ಹಿರಿಯರು ಇನ್ನೂ ಇದ್ದರೆ ಅವರನ್ನು ಕೂರಿಸ್ಕೊಂಡು ಕೇಳಿ. ಅವರು ಹೇಳಿದ್ದು ಅವರ ಹೆಸರಲ್ಲೇ ದಾಖಲಾಗಲಿ, ಆ ಹೊತ್ತಿಗೆ ಕೂಲಿಯೂ ಸಿಗಲಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಓದಿ, ಠರಾವು ಮಾಡಿಸಿ, ಪ್ರತಿ ನಿಮ್ಮ ಹತ್ತಿರ ಇಟ್ಕೊಂಡು ಮೂಲವನ್ನು ತಹಶೀಲ್ದಾರರಿಗೆ ಕೊಡಿ. ಜಿಲ್ಲಾ ವಿಪತ್ತು ಯೋಜನೆಯ ಪ್ರತಿ ಮಾಹಿತಿ ಹಕ್ಕಿನಲ್ಲಿ ಕೇಳಿ ತಗೊಂಡು, ಅದರಲ್ಲಿ ನಿಮ್ಮ ಕೇರಿಯ ಹೆಸರಿದೆಯಾ ನೋಡಿ. ಆಶ್ರಯ ಕಟ್ಟಡದ ಕೀಲಿ ಇಡೋರಲ್ಲಿ ಕೇರಿಯವರೊಬ್ಬರು, ಸಾಧ್ಯವಾದರೆ ಹೆಣ್ಣುಮಗಳೊಬ್ಬಳು ಇರಲೇಬೇಕು ಅಂತ ಹಠ ಹಿಡಿಯಿರಿ. ಮೊದಲ ಸುದ್ದಿ ಊರಿನ ಎತ್ತರದ ಮನೆಗಲ್ಲ, ತಗ್ಗಿನ ಮನೆಗೆ ಹೋಗಬೇಕು ಅನ್ನೋದನ್ನು ಬರಹದಲ್ಲಿ ಕೇಳಿ.

ತಾಳಗುಂದದ ಕಂಬದಲ್ಲಿ ಇಲ್ಲದ ಹೆಸರುಗಳು ಈ ಸಲದ ದಾಖಲೆಯಲ್ಲಿ ಇರಲಿ. ತಮಟೆ ಹೊಡೆದು ಊರನ್ನೆಲ್ಲ ಎಬ್ಬಿಸಿದವರ ಮೊಮ್ಮಕ್ಕಳು ನಾವು. ಈ ಸಲ ಸುದ್ದಿ ನಮ್ಮ ಮನೆಗೂ ಹೊತ್ತಿಗೆ ಸರಿಯಾಗಿ ಬರಬೇಕು.

ನಿಮ್ಮೂರ ಕೆರೆಯ ಕೋಡಿ ನೀರು ಯಾವ ಕೇರಿಯ ಪಕ್ಕ ಹಾದು ಹೋಗತ್ತೆ? ಕೆಳಗೆ ಬರೀರಿ, ಇಲ್ಲಿಂದಲೇ ಶುರು ಮಾಡೋಣ.

ಜೈಭೀಮ್.